ಹಸಿವು ಕಾಯುವ ಅಕ್ಕ

ನಮ್ಮ ಪ್ರಯೋಗಾಲಯದ ಅಕ್ಕನಿಗೆ ಜೀವಕೋಶಗಳನ್ನು ಉಪವಾಸ ಕೆಡವುವುದೇ ಕೆಲಸ. ಆದರೆ ಅವು ಹಸಿದಿರುವಷ್ಟು ಹೊತ್ತು ತಾನೂ ಬುತ್ತಿ ಬಿಚ್ಚುವವಳಲ್ಲ. "ತಡ್ಕೊಳ್ರೋ, ಹಾಕ್ತೀನಿ" ಎಂದು ಗಾಜಿನ ತಟ್ಟೆಗಳನ್ನು ಮಕ್ಕಳಂತೆ ರಮಿಸುತ್ತಾಳೆ. ಹಸಿದ ಕೋಶ ತನ್ನೊಳಗಿನ ಹಳೆಯ ಸಾಮಾನನ್ನೇ ಲೈಸೋಸೋಮ್ ಎಂಬ ಪುಟ್ಟ ಚೀಲದಲ್ಲಿ ಅರಗಿಸಿಕೊಂಡು ಜೀವ ಹಿಡಿದಿರುತ್ತದೆ. ಊಟ ಬಂದ ಸುದ್ದಿಯನ್ನು ಕೋಶಕ್ಕೆ ಮುಟ್ಟಿಸುವುದೂ ಆ ಚೀಲವೇ. ಆಹಾರದ ಹನಿ ಹಾಕಿದವಳೇ ಅಕ್ಕ ಕೋಣೆಯ ದೀಪ ಆರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾಳೆ. ಸುದ್ದಿ ಮುಟ್ಟಿದ ಗುರುತಾಗಿ ಕತ್ತಲಲ್ಲಿ ಚೀಲದ ಸುತ್ತ ಹಸಿರು ಮಿನುಗಿದರೆ, "ಗೊತ್ತಾಯ್ತು ಕಣೇ ಇವಕ್ಕೆ!" ಎಂದು ನನ್ನ ಬೆನ್ನಿಗೊಂದು ಗುದ್ದು ಹಾಕುತ್ತಾಳೆ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಹಾಸಿಗೆ ಹಿಡಿದು ಕಡ್ಡಿಯಾಗಿರುವ ಗಂಡನ ಬಾಯಿಗೆ ಒಂದು ಚಮಚ ಹಾಲು ಹಾಕಿದಳು. ಹಾಕಿದವಳೇ ಎದ್ದು ದೀಪ ಆರಿಸಿ, ಕತ್ತಲಲ್ಲಿ ಅವನ ಮುಖದ ಮೇಲೆ ಬಗ್ಗಿ ಕಾಯುತ್ತಾ ಕೂತಳು. ಪಕ್ಕದಲ್ಲೇ ಇದ್ದೆ; ನನ್ನ ಬೆನ್ನಿಗೆ ಗುದ್ದು ಬೀಳಲಿಲ್ಲ.