ಬಲಮಗ್ಗುಲಿನ ಪೈಪು

ಗೆರಿಟ್ ಡೈಕ್‌ಹೌಸ್ ಮನೆಗಳ ಮಾಡಿಗೆ ಹೊದಿಕೆ ಹಾಕುವ ಕೆಲಸದವನು. ಸರೋವರದ ಗಾಳಿ ನಮ್ಮ ಮಸ್ಕೀಗನ್ ಊರಿನ ಮಾಡುಗಳನ್ನು ವರ್ಷವರ್ಷವೂ ಕೀಳುತ್ತದೆ, ಅವನಿಗೆ ಪುರುಸೊತ್ತು ಅಂತ ಇರುತ್ತಿರಲಿಲ್ಲ. ಏಣಿ ಹತ್ತುವುದರಲ್ಲಿ ಬೆಕ್ಕು. ಕಾರುಗಳಿಗೆ ಹೊಗೆ ಪೈಪು, ಸೈಲೆನ್ಸರ್ ಕೂರಿಸುವ ನನ್ನ ಅಂಗಡಿಗೆ ಬಂದರೂ ಕೂರುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಲಿಫ್ಟಿನ ಮೇಲಿದ್ದ ಕಾರುಗಳ ಕೆಳಗೆಲ್ಲ ಓಡಾಡಿ, ನನ್ನ ವೆಲ್ಡಿಂಗಿನಲ್ಲಿ ತಪ್ಪು ಹುಡುಕಿ ಹೋಗುತ್ತಿದ್ದ.

ಅವನ ಜೀವವೆಲ್ಲ ಎಪ್ಪತ್ತನೇ ಇಸವಿಯ ಒಂದು ಷೆವೆಲ್ ಕಾರಿನಲ್ಲಿತ್ತು. ಯಾರದೋ ಹಿತ್ತಿಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಡಬ್ಬವನ್ನು ಎಳೆತಂದು, ಮೊದಲಿದ್ದದ್ದಕ್ಕಿಂತ ದೊಡ್ಡ ಎಂಜಿನ್ ಕೂರಿಸಿ, ತುಕ್ಕನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದು ಎಬ್ಬಿಸಿದ್ದ. ಹೊಗೆ ಪೈಪುಗಳನ್ನು ಹಿಂದಕ್ಕೆ ಒಯ್ದಿರಲಿಲ್ಲ. ಎರಡು ಬಾಗಿಲುಗಳ ಕೆಳಗೆ, ಹೊರಗಿನಿಂದ ಕಾಣುವ ಹಾಗೆ, ಮಿರಮಿರ ಹೊಳೆಯುವ ಎರಡು ಪೈಪು ಕೂರಿಸಿದ್ದ. ಅದರ ಸದ್ದಿಗೆ ಭಾನುವಾರ ಚರ್ಚಿನ ಕಿಟಕಿ ಗಾಜು ನಡುಗುತ್ತಿತ್ತು. ಪಾದ್ರಿಗಳು ಓದುವುದನ್ನು ನಿಲ್ಲಿಸಿ, "ಗೆರಿಟ್ ಬಂದ. ಇಳಿದು ಬರಲಿ, ಆಮೇಲೆ ಮುಂದುವರಿಸೋಣ" ಎನ್ನುತ್ತಿದ್ದರು. ಹೆಂಡತಿ ನೆಲ್ಡಾ ನಾಚಿಕೆಯಿಂದ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಒಂದು ನವೆಂಬರ್ ಬೆಳಿಗ್ಗೆ, ಮಾಡಿನ ಮೇಲೆ, ಇಬ್ಬನಿ ಹೆಪ್ಪುಗಟ್ಟಿದ ಹಲಗೆಗೆ ಕಾಲಿಟ್ಟು ಜಾರಿದ. ಕೆಳಗೆ ಕಾಂಕ್ರೀಟು. ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಅಲುಗಾಟವೂ ಹೋಯಿತು, ಅರಿವೂ ಹೋಯಿತು.

ಗಾಲಿಕುರ್ಚಿಗೆ ಬಂದ ಮೇಲೆ ಅವನು ಮೊದಲು ಮಾಡಿದ್ದು ಷೆವೆಲ್ಲಿಗೆ ಕೈಯಿಂದಲೇ ಓಡಿಸುವ ಲಿವರ್ ಹಾಕಿಸಿದ್ದು: ಹಿಂದಕ್ಕೆಳೆದರೆ ವೇಗ, ಮುಂದಕ್ಕೆ ಒತ್ತಿದರೆ ಬ್ರೇಕು. ತೋಳುಬಲದಿಂದ ಮೈಯನ್ನೆತ್ತಿ ಸೀಟಿಗೆ ಹಾಕಿಕೊಳ್ಳುವುದನ್ನು ಕಲಿತ. "ಸಿಗ್ನಲ್ಲಲ್ಲಿ ನಿಂತಾಗ ಪಕ್ಕದ ಕಾರಿನವನಿಗೆ ನಾನೂ ಅವನ ಹಾಗೇ ಕಾಣ್ತೀನಿ ಮಾರ್ವ್" ಅಂದಿದ್ದ ನನಗೆ ಒಮ್ಮೆ. "ಎಲ್ಲರೂ ನನ್ನ ನೆತ್ತಿ ನೋಡ್ಕೊಂಡು ಮಾತಾಡ್ತಾರೆ. ಇದರೊಳಗೆ ಕೂತಾಗ ಮಾತ್ರ ಮುಖ ನೋಡ್ತಾರೆ."

ಮುಂದಿನ ಜುಲೈಯಲ್ಲಿ ಗಂಡಹೆಂಡತಿ ಸರೋವರದ ದಡದ ಹ್ಯಾಂಬರ್ಗರ್ ಅಂಗಡಿಗೆ ಹೋದರು. ನೆಲ್ಡಾ ತಿಂಡಿ ತರಲು ಸಾಲಿನಲ್ಲಿ ನಿಂತಳು. ಗೆರಿಟ್ ಬಾಗಿಲು ತೆಗೆದು, ಕಾಲುಗಳನ್ನು ಕೈಯಿಂದ ಎತ್ತಿ ಹೊರಗೆ ಇಳಿಬಿಟ್ಟು, ಗಾಳಿಗೆ ಮುಖವೊಡ್ಡಿ ಕೂತ. ಚಡ್ಡಿ ಹಾಕಿದ್ದ. ಕಾರು ನೋಡಲು ಬಂದ ಯಾರೋ ಮುದುಕನ ಜೊತೆ ಎಂಜಿನ್ ಬಗ್ಗೆ ಮಾತಿಗೆ ಬಿದ್ದ.

"ಮಾಂಸ ಸೀಯಿಸ್ತಾ ಇದಾರಲ್ಲಪ್ಪ, ಇವತ್ತು ಅಡುಗೆಯವನು ನಿದ್ದೆ ಹೊಡೀತಿದಾನೆ" ಎಂದು ನಕ್ಕ.

ಮುದುಕನೂ ನಕ್ಕ. ನೆಲ್ಡಾ ಕಾಗದದ ಚೀಲ ಹಿಡಿದು ಬಂದವಳು ಅದನ್ನು ಅಲ್ಲೇ ಬಿಟ್ಟು ಕಿರುಚಿದಳು. ಬಾಗಿಲ ಕೆಳಗಿನ ಕಾದ ಪೈಪಿಗೆ ಗೆರಿಟ್‌ನ ಎಡಗಾಲಿನ ಮೀನಖಂಡ ಸುಟ್ಟು ಅಂಟಿಕೊಂಡಿತ್ತು.

ಚರ್ಮ ಕಸಿ ಮಾಡಿದರು, ಅದು ಕೂಡಿಕೊಳ್ಳಲಿಲ್ಲ. ರಕ್ತ ಹರಿಯದ ಕಾಲು, ಕೀವಾಯಿತು, ಮೂಳೆಗಿಳಿಯಿತು. ಚಳಿಗಾಲ ಬರುವ ಹೊತ್ತಿಗೆ ಮಂಡಿಯಿಂದ ಕೆಳಗೆ ಕಾಲನ್ನೇ ತೆಗೆದರು.

ನಾನು ನೋಡಲು ಹೋದಾಗ ಗೆರಿಟ್ ಗೋಡೆ ಕಡೆ ತಿರುಗಿ ಮಲಗಿದ್ದ. ಗಡ್ಡ ಬೆಳೆದಿತ್ತು. ತಟ್ಟೆಯಲ್ಲಿದ್ದ ಸೂಪು ಆರಿ ಕೆನೆ ಕಟ್ಟಿತ್ತು.

"ನೋವೇ ಆಗಲಿಲ್ಲ ಕಣೋ" ಅಂದ. "ಅದೇ ನನಗೆ ತಡಿಯಕ್ಕಾಗ್ತಿಲ್ಲ. ನನ್ನ ಕಾಲು ಸುಡ್ತಾ ಇತ್ತು, ನಾನು ನಗ್ತಾ ಇದ್ದೆ. ಈಗ ಇನ್ನೊಂದು ಕಾಲನ್ನ ರಾತ್ರಿ ಹಗಲು ಮುಟ್ಟಿ ನೋಡ್ಕೊಳ್ತೀನಿ. ಯಾರದೋ ಸಾಮಾನು ಕಾಯೋಕೆ ಕೊಟ್ಟ ಹಾಗಿದೆ."

ಕಾರು ಮಾರುತ್ತೇನೆ ಎಂದು ನೆಲ್ಡಾ ಹಟ ಹಿಡಿದಳು. ಅವನು ಊಟ ಬಿಟ್ಟ. ಅವಳು ಅಡುಗೆ ಬಿಟ್ಟಳು. ಒಂದು ದಿನ, ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿದರೆ ಏನಾಗುತ್ತದೆ ಎಂದು ಅವನು ಅವಳನ್ನೇ ಕೇಳಿದನಂತೆ, ನಾಳೆ ಮಳೆ ಬರುತ್ತದಾ ಎಂದು ಕೇಳುವ ಹಾಗೆ. ಅವಳು ಮಾತ್ರೆ ಡಬ್ಬಗಳನ್ನು ತನ್ನ ಕೈಚೀಲದಲ್ಲಿ ಹಾಕಿಕೊಂಡು ಓಡಾಡತೊಡಗಿದಳು.

ಮಾರ್ಚಿನಲ್ಲಿ, ಅವಳು ಕೆಲಸಕ್ಕೆ ಹೋಗಿದ್ದಾಗ, ಗೆರಿಟ್ ತಾನೇ ಷೆವೆಲ್ ಓಡಿಸಿಕೊಂಡು ನನ್ನ ಅಂಗಡಿಗೆ ಬಂದ. ಒಳಗೆ ಬಂದವನೇ, "ಪೈಪೆಲ್ಲ ಕತ್ತರಿಸು. ನನ್ನ ಕಡೆ ಒಂದೂ ಇರಬಾರದು" ಅಂದ.

"ನಿನ್ನ ಹೆಂಡತಿಗೆ ಗೊತ್ತಾ?"

"ನೀನು ಪೈಪ್ ಬಗ್ಗಿಸೋನೋ, ಪಾದ್ರೀನೋ?"

"ಗೆರಿಟ್, ಹೇಗೆ ಹಾಕಿದರೂ ಬಿಸಿ ಬಿಸೀನೇ. ಕೆಳಗಿಂದ ಒಯ್ದರೆ ನೆಲ ಕಾಯತ್ತೆ. ಪಾದ ಇಟ್ಟಿರ್ತೀಯ, ನಿನಗೆ ಗೊತ್ತಾಗಲ್ಲ. ನನ್ನ ಕೈಯಿಂದ ನಿನ್ನ ಇನ್ನೊಂದು ಕಾಲು ಹೋಗೋದು ಬೇಡ ಮಾರಾಯ."

ಅವನು ಲಿಫ್ಟಿನ ಮೇಲೆ ಕಾರನ್ನು ಅರ್ಧ ಎತ್ತಿಸಿದ. ಆಮೇಲೆ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಎಣ್ಣೆ ಮೆತ್ತಿದ ಕಾಂಕ್ರೀಟಿನ ಮೇಲೆ ಮೊಣಕೈ ಊರಿ ಕಾರಿನ ಕೆಳಗೆ ತೆವಳಿದ. ಒಂದು ಕಾಲು, ಒಂದು ಮೋಟು ಹಿಂದಿನಿಂದ ಎಳೆಯಿಸಿಕೊಂಡು ಹೋದವು. ಅಂಗಾತ ಮಲಗಿ ಬೆರಳಿನಿಂದ ದಾರಿ ತೋರಿಸತೊಡಗಿದ.

ಅವನ ಲೆಕ್ಕ ಹೀಗಿತ್ತು: ಎಡಗಡೆ, ಅಂದರೆ ಚಾಲಕನ ಬದಿಯಿಂದ ಹೊರಡುವ ಪೈಪನ್ನು ಎಂಜಿನ್ನಿನ ಎಣ್ಣೆ ತೊಟ್ಟಿಯ ಹಿಂದೆ, ಗೇರ್‌ಬಾಕ್ಸಿನ ಕೆಳಗೆ ಅಡ್ಡ ಹಾಯಿಸಿ ಬಲಕ್ಕೆ ಒಯ್ಯುವುದು. ಅಲ್ಲಿ ಎರಡೂ ಸೇರಿ ಒಂದೇ ಸೈಲೆನ್ಸರಿಗೆ, ಹಿಂದಿನ ಚಕ್ರಗಳ ಆಕ್ಸಲ್ ಮೇಲೆ ಹಾದು, ಬಾಲದಲ್ಲಿ ಹೊರಕ್ಕೆ. ಆದರೆ ಬಲಗಡೆ ಕಾರಿನ ಅಡಿಚೌಕಟ್ಟಿನ ಉದ್ದಕ್ಕೂ ಪೆಟ್ರೋಲಿನ ಕೊಳವೆ ಇತ್ತು.

"ಅದನ್ನ ಎಡಕ್ಕೆ ತರೋಣ" ಅಂದ. "ಪೆಟ್ರೋಲು ನನ್ನ ಕಡೆ ಇರಲಿ, ಬೆಂಕಿ ಆ ಕಡೆ ಇರಲಿ."

"ಆ ಕಡೆ ಯಾರು ಕೂರೋದು?"

ಆ ಕಡೆ ಕೂರುವವಳು ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದಳು. ಮನೆಗೆ ಬಂದು, ಕಾರಿಲ್ಲದ್ದು ನೋಡಿ, ನೇರ ಸರೋವರದ ದಡಕ್ಕೆ ಓಡಿದ್ದಳು. ಅಲ್ಲಿಲ್ಲವೆಂದು ಇಲ್ಲಿಗೆ. ಗಂಡ ಕಾರಿನ ಕೆಳಗೆ ಬಿದ್ದಿರುವುದನ್ನು ಕಂಡು ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಸತ್ತಿದೀಯ ಅಂದ್ಕೊಂಡೆ" ಅಂದಳು.

"ಇನ್ನೂ ಇಲ್ಲ" ಎಂದಿತು ಕಾರಿನ ಕೆಳಗಿನ ದನಿ.

"ಬೆನ್ನು ತಣ್ಣಗಿರೋ ನೆಲಕ್ಕೆ ತಾಗ್ತಿದೆ, ಚರ್ಮ ತರಚತ್ತೆ, ಏಳು ಮೇಲೆ!"

"ಏಳಕ್ಕಾಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ ನೆಲ್ಡಾ?" ಅವನ ದನಿ ಒಡೆಯಿತು. "ಮನೇಲಿ ಗೋಡೆ ನೋಡ್ತಾ ಇರೋಕೆ ನನ್ನ ಕೈಲಾಗಲ್ಲ. ಬೇಡ ಅನ್ನೋದಾದ್ರೆ ಆ ಮಾತ್ರೆ ಚೀಲ ಕೊಟ್ಟು ಹೋಗು."

ನೆಲ್ಡಾ ಕೋಟು ಬಿಚ್ಚಿ, ಮಡಿಸಿ, ಮಂಡಿಯೂರಿ ಅವನ ಬೆನ್ನಿನ ಕೆಳಗೆ ತುರುಕಿದಳು. ಅಲ್ಲಿಂದಲೇ ನನ್ನನ್ನು ಕೇಳಿದಳು, "ಏನಂತೆ ಇವನದು?"

ಹೇಳಿದೆ.

"ನನ್ನ ಕಡೆಗೇ ಹಾಕಿ" ಅಂದಳು. "ಸುಟ್ಟರೆ ನನಗೆ ಗೊತ್ತಾಗತ್ತೆ."

ಕೆಲಸ ಸುಲಭವಿರಲಿಲ್ಲ. ಅಡ್ಡ ಹಾಯುವ ಪೈಪು ತೀರ ಕೆಳಗಿಳಿದು ನೆಲಕ್ಕೆ ಉಜ್ಜುತ್ತಿತ್ತು. ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿಯನ್ನು ಕತ್ತರಿಸಿ ಕಮಾನಿನ ಹಾಗೆ ಹೊಸದು ಮಾಡಬೇಕಾಯಿತು. ಎಂಜಿನ್ ಪಕ್ಕದ ಉದ್ದನೆಯ ಹೊಗೆನಾಳಗಳು ಚಾಲಕನ ಪಾದದ ತಗಡಿಗೆ ಹತ್ತಿರವಿದ್ದವು. ಅವನ್ನು ಕಿತ್ತು ಹಳೆಯ ಗಿಡ್ಡ ಬೀಡುಕಬ್ಬಿಣದವನ್ನು ಹಾಕೋಣ ಅಂದೆ.

"ಎಂಜಿನ್ ಉಸಿರು ಕಟ್ಟತ್ತೆ ಕಣೋ. ಅಜ್ಜಿ ಕಾರಾಗತ್ತೆ."

"ಅಜ್ಜಿಗಾದ್ರೂ ಎರಡು ಕಾಲಿದೆ" ಅಂದುಬಿಟ್ಟೆ. ಅವನು ನನ್ನನ್ನೇ ದಿಟ್ಟಿಸಿದ, ಆಮೇಲೆ ಬಿದ್ದು ಬಿದ್ದು ನಕ್ಕ. ಕಾಲು ತೆಗೆದ ಮೇಲೆ ಅವನ ಆ ನಗು ಕೇಳಿದ್ದು ಅದೇ ಮೊದಲು. ಬೀಡುಕಬ್ಬಿಣದ್ದಕ್ಕೇ ಒಪ್ಪಿದ.

ದಪ್ಪ ತಂತಿಯನ್ನು ಅವನು ಬಗ್ಗಿಸಿ ಕೊಡುವುದು, ನಾನು ಅದೇ ಬಾಗಿಗೆ ಯಂತ್ರದಲ್ಲಿ ಪೈಪು ಬಗ್ಗಿಸುವುದು. ಹಿಂದಿನ ಬಾಗು ಆಕ್ಸಲ್ಲಿಗೆ ಬಡಿಯಿತು, ಕತ್ತರಿಸಿದೆವು. ಮತ್ತೆ ಬಡಿಯಿತು. ಗೆರಿಟ್ ತಂತಿಯನ್ನು ಗೋಡೆಗೆಸೆದು, "ಸುಟ್ಟುಹಾಕು ಈ ಕಾರನ್ನ" ಎಂದು ಕೂಗಿ ಹೋದ, ಮರುದಿನ ಬಂದ. ಕೊನೆಗೆ ಕೂತಿತು. ಬಿಸಿ ತಡೆಯಲು ಕಾರಿನ ಇಡೀ ನೆಲದ ಕೆಳಗೆ ಸ್ವಲ್ಪ ಸಂದು ಬಿಟ್ಟು ಅಲ್ಯೂಮಿನಿಯಂ ತಗಡು ಹೊಡೆದೆ.

ಮೊದಲ ಸಲ ಓಡಿಸಿದಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ನೆಲ್ಡಾ ಬೂಟು, ಕಾಲುಚೀಲ ಬಿಚ್ಚಿ ಬರಿಗಾಲನ್ನು ನೆಲಕ್ಕೆ ಒತ್ತಿ ಕೂತಿದ್ದಳು. ಆಗಾಗ ಬಗ್ಗಿ, ಗಂಡನ ಪಾದದ ಕೆಳಗೆ ಅಂಗೈ ತೂರಿಸುತ್ತಿದ್ದಳು.

"ಹೇಗಿದೆ?" ಅವನು ಕೇಳುತ್ತಿದ್ದ.

"ನಿನ್ನ ಕಡೆ ತಣ್ಣಗಿದೆ."

"ನಿನ್ನ ಕಡೆ?"

"ರಸ್ತೆ ನೋಡ್ಕೊಂಡು ಓಡಿಸು."

ಇಳಿದಾಗ ಅವಳ ಅಂಗಾಲು ಕೆಂಪಾಗಿತ್ತು. ಅವಳ ಕಡೆಗೆ ಇನ್ನೊಂದು ಪದರ ತಗಡು ಹಾಕಿದೆ.

ಆ ಬೇಸಿಗೆಯೆಲ್ಲ ಅವನು ಓಡಿಸಿದ. ಗಡ್ಡ ಬೋಳಿಸಿದ, ಊಟ ಮಾಡಿದ, ನನ್ನ ವೆಲ್ಡಿಂಗಿನ ತಪ್ಪು ಹೇಳಲು ಮತ್ತೆ ಬಂದ. ಒಂದು ಬೇಸಿಗೆ, ಅಷ್ಟೇ. ಚಳಿ ಶುರುವಾಗುವ ಹೊತ್ತಿಗೆ, ಕೂತೂ ಕೂತೂ ಪೃಷ್ಠದ ಮೇಲೆ ಹುಣ್ಣಾಯಿತು. ಅದೂ ನೋಯಲಿಲ್ಲ, ಅದೂ ಗೊತ್ತಾಗಲಿಲ್ಲ. ಗಾಯ ಕೂಡುವವರೆಗೆ ಕೂರಲೇಬಾರದು ಎಂದರು ಡಾಕ್ಟರು. ಅಂದಿನಿಂದ ಬೋರಲು ಮಲಗಿದ್ದಾನೆ. ಗಾಯ ಕೂಡಿಲ್ಲ.

ಹೋದ ಶನಿವಾರ ಹೋಗಿದ್ದೆ. ಕಾರು ನಿಂತಲ್ಲೇ ಕೆಡಬಾರದೆಂದು ನೆಲ್ಡಾ ಓಡಿಸಲು ಹೊರಟಿದ್ದಳು. ಸದ್ದು ಬೀದಿ ತಿರುವಿನಾಚೆ ಹೋಗುವ ತನಕ ಗೆರಿಟ್ ಉಸಿರು ಬಿಗಿಹಿಡಿದು ಕೇಳಿದ.

"ಅವಳ ಪಕ್ಕದ ಸೀಟು ಖಾಲಿ ಹೋಗ್ತಿದೆ" ಅಂದ, ದಿಂಬಿನೊಳಗೆ ಬಾಯಿಟ್ಟು. "ಮಾರ್ವ್, ಇನ್ನೆಷ್ಟು ದಿನ ಕಣೋ ಹೀಗೆ?"

ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಅವಳು ಬರುವವರೆಗೆ ಅವನ ಹೆಗಲ ಮೇಲೆ ಕೈಯಿಟ್ಟು ಕೂತೆ.