ಕ್ಷಿಪಣಿಯೂ ಬೇಕು, ರೈಲೂ ಬೇಕು ಎಂದ ಅಪ್ಪಿಯಕ್ಕ

ನವಿ ಮುಂಬಯಿಯ ಕಳಂಬೋಲಿಯ ಕಬ್ಬಿಣ ಮಾರುಕಟ್ಟೆಯ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಲಾಗಿ ನಿಂತ ಟ್ರೇಲರ್‌ಗಳಿಂದ ಇಳಿದ ಚಾಲಕರು ಬಾಟಲಿ ನೀರಿನಲ್ಲಿ ಮುಖ ತೊಳೆಯುತ್ತಿದ್ದಾರೆ. ರಸ್ತೆಬದಿಯ ಕೈಗಾಡಿಯ ಮೇಲೆ ದೊಡ್ಡದೊಂದು ಅಲ್ಯೂಮಿನಿಯಂ ಪಾತ್ರೆ. ಅದಕ್ಕೆ ಜರಿಯಂಚಿನ ಕೆಂಪು ಶಾಲು ಸುತ್ತಿದೆ. ಸಭೆಗಳಲ್ಲಿ ಗಣ್ಯರ ಹೆಗಲಿಗೆ ಹೊದಿಸುತ್ತಾರಲ್ಲ, ಅದೇ ಶಾಲು. ಅಪ್ಪಿಯಕ್ಕ ಅದರ ಗಂಟು ಬಿಚ್ಚಿ ಮುಚ್ಚಳ ಎತ್ತುತ್ತಾರೆ. ಹಬೆಗೆ ಕನ್ನಡಕ ಮಸುಕಾಗುತ್ತದೆ, ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

"ಇಡ್ಲಿ ಬಿಸಿ ನಿಲ್ತದೆ ಮಾರಾಯ್ರೇ. ನನ್ನ ಹೆಗಲ ಮೇಲಿದ್ರೆ ಎಂತ ಉಪಯೋಗ?"

ಗಾಡಿಗೆ ಒಂದು ಹಲಗೆ ತೂಗುತ್ತಿದೆ. ಲಾರಿಗಳ ಹಿಂದೆ ಬಣ್ಣದಲ್ಲಿ ಬರೆಯುವವನ ಕೈಬರಹ, ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಒಂದೇ ಮಾತು: "ಇಲ್ಲಿ ರಾಜಕೀಯ ಮಾತಾಡಬಹುದು." ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಊಟ ಮಾಡಿದವರಿಗೆ ಇದರ ಚುರುಕು ಗೊತ್ತಾಗುತ್ತದೆ. ಅಲ್ಲಿ ದೇವರ ಪಟದ ಪಕ್ಕದಲ್ಲೇ ಇದಕ್ಕೆ ತದ್ವಿರುದ್ಧವಾದ ಬೋರ್ಡು ಇರುತ್ತದೆ. ಅಂಥದ್ದೊಂದು ಬೋರ್ಡಿನ ಹಿಂದಿನ ಅಡುಗೆಮನೆಯಲ್ಲೇ ಅಪ್ಪಿಯಕ್ಕ ಹದಿನಾರು ವರ್ಷ ಹಿಟ್ಟು ರುಬ್ಬಿದ್ದಾರೆ.

ಊರು ಕಾಪುವಿನ ಹತ್ತಿರ. ಮದುವೆಯಾಗಿ ಬಂದದ್ದು ಡೊಂಬಿವಲಿಯ ಒಂದು ಕೋಣೆಯ ಮನೆಗೆ. ಗಂಡ ಚೆನ್ನಯ ಠಾಣೆಯ ಕ್ಯಾಂಟೀನೊಂದರಲ್ಲಿ ಸಪ್ಲಾಯರ್. 2003ರ ಒಂದು ಬೆಳಿಗ್ಗೆ, ಕಿಕ್ಕಿರಿದ ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದಿದ್ದ ಚೆನ್ನಯರ ಕೈ ಜಾರಿತು. ಮಗ ಯೋಗೀಶ್ ಆಗ ಮೂರನೇ ಕ್ಲಾಸು. ಅವನನ್ನು ಕರೆದುಕೊಂಡು ಅಪ್ಪಿಯಕ್ಕ ನವಿ ಮುಂಬಯಿಗೆ ಬಂದರು, ಕೋಪರಖೈರಣೆಯಲ್ಲಿ ಮುರಾರಿಯವರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಈಗ ಆ ಯೋಗೀಶ್ ವಾಯುಪಡೆಯಲ್ಲಿ ಏರ್‌ಮ್ಯಾನ್. ಗಡಿಯ ಹತ್ತಿರದ ನೆಲೆಯೊಂದರಲ್ಲಿ ಯುದ್ಧವಿಮಾನದ ರೆಕ್ಕೆಗೆ ಕ್ಷಿಪಣಿ ಜೋಡಿಸುವುದು ಅವನ ಕೆಲಸ. ಹಾರುವವರು ಬೇರೆ, ಅವರು ಹೋದ ಮೇಲೆ ಆಕಾಶ ನೋಡುತ್ತ ಕಾಯುವವರಲ್ಲಿ ಇವನೊಬ್ಬ.

ಈ ವರ್ಷದ ಫೆಬ್ರವರಿ ಕೊನೆಯಲ್ಲಿ ಗಡಿಯ ಮೇಲೆ ವಿಮಾನಗಳು ಎದುರುಬದುರಾದಾಗ ನಮ್ಮ ಊರಿನಲ್ಲಿ ಎಲ್ಲರೂ ರಾತ್ರಿ ಬೆಳಗಾಗುವುದರೊಳಗೆ ಸೇನಾಪತಿಗಳಾದರು. ಕಣ್ಣಿಗೆ ಕಾಣದಷ್ಟು ದೂರದಿಂದಲೇ ಇನ್ನೊಂದು ವಿಮಾನವನ್ನು ಹೊಡೆಯುವ ಕ್ಷಿಪಣಿಗಳನ್ನು ನಾವು ಇನ್ನಷ್ಟು ಕೊಳ್ಳಬೇಕೇ, ಬೇಡವೇ? ಒಂದು ಕನ್ನಡ ಸಂಘ ಇದರ ಮೇಲೆ ವಿಚಾರಗೋಷ್ಠಿಯನ್ನೇ ಇಟ್ಟಿತು. ಮುರಾರಿ ಆ ಸಂಘದ ಉಪಾಧ್ಯಕ್ಷರು. ಯೋಧನ ತಾಯಿ ಎಂದು ಅಪ್ಪಿಯಕ್ಕನಿಗೆ ಸನ್ಮಾನವೂ ಗೊತ್ತಾಯಿತು.

ನಮ್ಮ ಸಂಘಗಳ ಸನ್ಮಾನದ ಪದ್ಧತಿ ಓದುಗರಿಗೆ ತಿಳಿದದ್ದೇ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಆಮೇಲೆ ಸನ್ಮಾನ ಪಡೆದವರು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು, ಅವರ ಬಗ್ಗೆ ಬೇರೆಯವರು ಮಾತಾಡುತ್ತಾರೆ. ಕ್ಷಿಪಣಿ ಬೇಕು ಎಂದ ಮುರಾರಿ, "ಈ ವೀರಮಾತೆಯ ಮಗನ ಕೈಗೆ ಅಸ್ತ್ರ ಕೊಡಿ, ಶತ್ರುವನ್ನು ಹುರಿದು ಹಾಕಲಿ" ಎಂದರು. ಬೇಡ ಎಂದ ನಿವೃತ್ತ ಬ್ಯಾಂಕ್ ಅಧಿಕಾರಿ ಜಯಶೀಲ, "ಆ ಹಣದಲ್ಲಿ ಎಷ್ಟು ಲೋಕಲ್ ಓಡಿಸಬಹುದಿತ್ತು! ಇದೇ ತಾಯಿಯ ಗಂಡ ಉಳಿಯುತ್ತಿದ್ದರು" ಎಂದರು. ಇಬ್ಬರೂ ಬೆರಳು ತೋರಿಸಿದ್ದು ಒಬ್ಬರ ಕಡೆಗೇ. ಇಬ್ಬರಿಗೂ ಚಪ್ಪಾಳೆ ಬಿತ್ತು. ಆ ದಿನ ನಾನೂ ಸಭೆಯಲ್ಲಿದ್ದೆ. ಅಪ್ಪಿಯಕ್ಕ ಎದ್ದು ಬಂದು ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

"ನನ್ನ ಗಂಡನನ್ನು ಒಂದು ತಟ್ಟೆಯಲ್ಲಿ, ಮಗನನ್ನು ಒಂದು ತಟ್ಟೆಯಲ್ಲಿ ಇಟ್ಟು ತೂಗ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು? ಇಬ್ರೂ ನನ್ನವ್ರೇ. ಕ್ಷಿಪಣಿ ಬೇಕು. ಎದುರಿನವನ ಕೈ ಉದ್ದ ಆದ್ರೆ ನಮ್ಮ ಹುಡುಗ ಹತ್ರ ಹೋಗುವ ಮೊದ್ಲೇ ಬೀಳ್ತಾನೆ. ರೈಲೂ ಬೇಕು. ಒಂದು ಕೊಟ್ರೆ ಇನ್ನೊಂದು ಕೇಳ್ಬಾರದು ಅಂತ ಉಂಟಾ? ನಾನು ಎರಡೂ ಕೇಳ್ತೇನೆ. ಆದ್ರೆ ಹುರಿಯುವ ಮಾತು ನನ್ನೆದುರು ಬೇಡ. ಆ ಬದಿಯಲ್ಲಿ ಬೀಳುವವನಿಗೂ ಅಮ್ಮ ಇರ್ತಾಳೆ."

ಕೊನೆಯ ಮಾತಿಗೆ ಹಿಂದಿನ ಸಾಲಿನಿಂದ ಯಾರೋ "ಶತ್ರುವಿನ ತಾಯಿಗೂ ಒಂದು ಶಾಲು ಹಾಕಿ" ಎಂದು ಕೂಗಿದರು. ಮರುದಿನ ಅಡುಗೆಮನೆಯ ಬಾಗಿಲಲ್ಲಿ ಮುರಾರಿ ತೀರ್ಪು ಕೊಟ್ಟರು: ಮುಂದಿನ ಭಾನುವಾರ ಸಂಘದಲ್ಲಿ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಕೆಲಸಕ್ಕೆ ಬರುವುದು ಬೇಡ.

ಮುರಾರಿಯವರನ್ನೂ ಕೇಳಿದೆ. ಗಲ್ಲಾದಲ್ಲಿ ಕೂತು, ಬೋರ್ಡಿನ ಕೆಳಗೇ, ಬೇಸರದಿಂದಲೇ ಹೇಳಿದರು. "ಅಪ್ಪಿಯಕ್ಕನ ಮೇಲೆ ನಂಗೆ ದ್ವೇಷ ಇಲ್ಲ ಸರ್. ಅವ್ರ ಹಾಗೆ ಇಡ್ಲಿ ಮಾಡುವವ್ರು ಸಿಗ್ಲಿಲ್ಲ, ಗಿರಾಕಿಗಳು ಕೇಳ್ತಾರೆ. ಆದ್ರೆ ಆ ಮಾತು ಸರಿಯಾ? ಸಾರಿ ಅಂತ ಒಂದು ಮಾತು, ಬಸ್. ನಾಳೆಯೇ ಬರ್ಲಿ."

ಆ ಒಂದು ಮಾತು ಬಂದಿಲ್ಲ. ಹದಿನಾರು ವರ್ಷದ ಕೆಲಸ ಹೋಯಿತು, ಹೋಟೆಲಿನವರು ವಾಸಕ್ಕೆ ಕೊಟ್ಟಿದ್ದ ಕೋಣೆಯೂ ಹೋಯಿತು. ಮಗನಿಗೆ ಮುಜುಗರವಾಯಿತೋ ಏನೋ ಎಂಬ ಭಯ ಮಾತ್ರ ಅವರನ್ನು ತಿನ್ನುತ್ತಿತ್ತು. "ಅವ ಆ ಮಾತು ಬೇಡಿತ್ತು ಅಂದಿದ್ರೆ ಹೋಗಿ ಮಾಫಿ ಕೇಳ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ. ಯೋಗೀಶ್ ಇಲ್ಲೇ ಬೆಳೆದವನು, ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಫೋನಿನಲ್ಲಿ ಎಲ್ಲ ಕೇಳಿ "ಮಾಫಿ ಮತ್ ಮಾಂಗ್ನಾ, ಅಮ್ಮಾ" ಎಂದನಂತೆ, ಕ್ಷಮೆ ಕೇಳಬೇಡ ಅಂತ. ಅಷ್ಟೇ. ಮರುವಾರವೇ ಕಳಂಬೋಲಿಯಲ್ಲಿ ಬಾಡಿಗೆಯ ಗಾಡಿ ಬಂತು, ಹಲಗೆಯೂ ಬಂತು.

ಈಗ ದಿನಕ್ಕೆ ನಾನೂರರ ಆಸುಪಾಸು ಇಡ್ಲಿ. ಹಮಾಲರು, ಚಾಲಕರು, ಖಾರಘರದ ಕಡೆಯಿಂದ ಬೈಕಿನಲ್ಲಿ ಬರುವ ಕಾಲೇಜು ಹುಡುಗರು. ಕ್ಷಿಪಣಿ ಬೇಕು, ಬೇಡ ಎಂಬ ಜಗಳ ಇಲ್ಲೂ ನಡೆಯುತ್ತದೆ. ಪಂಜಾಬಿನ ಚಾಲಕನೊಬ್ಬ "ಸೌ ಖರೀದೋ", ನೂರು ಕೊಳ್ಳಿ, ಎಂದು ಮೇಜು ಕುಟ್ಟುವಂತೆ ಗಾಡಿ ಕುಟ್ಟುತ್ತಾನೆ, ಚಟ್ನಿ ಚೆಲ್ಲಿದರೆ ಬೈಸಿಕೊಳ್ಳುತ್ತಾನೆ. ಜಯಶೀಲರೂ ಒಮ್ಮೆ ಬಸ್ಸು ಹಿಡಿದು ಬಂದು ಎರಡು ತಟ್ಟೆ ತಿಂದು ಹೋದರಂತೆ. "ವಾದ ಬಿಡ್ಲಿಲ್ಲ ಅವ್ರು. ನಾನೂ ಬಿಡ್ಲಿಲ್ಲ. ಬಿಸಿ ಸಾಂಬಾರ್ ಮಾತ್ರ ಹಾಕಿದೆ."

ಮಳೆಗಾಲ ಬಂದರೆ ಗಾಡಿ ಎಲ್ಲಿ ನಿಲ್ಲಿಸುವುದು ಎಂದು ಕೇಳಿದೆ. "ಪ್ಲಾಸ್ಟಿಕ್ ಕಟ್ತೇನೆ. ಮುರಾರಿಯಣ್ಣನ ಬಾಗಿಲಿಗೆ ಮಾತ್ರ ಹೋಗುದಿಲ್ಲ" ಎಂದರು.

ಬಿಸಿಲು ಏರುವ ಹೊತ್ತಿಗೆ ಪಾತ್ರೆ ಖಾಲಿ. ಅಪ್ಪಿಯಕ್ಕ ಅದನ್ನು ಬೋರಲು ಹಾಕಿ ನೀರು ಬಸಿಯುತ್ತಾರೆ, ಕೆಂಪು ಶಾಲನ್ನು ಕೊಡವಿ ಗಾಡಿಯ ಮೇಲೆ ಒಣಹಾಕುತ್ತಾರೆ. ನಿಮ್ಮ ಆಸೆ ಏನು ಎಂಬ ನಮ್ಮ ಪತ್ರಕರ್ತರ ಸವಕಲು ಪ್ರಶ್ನೆಯನ್ನು ನಾನೂ ಕೇಳಿಬಿಟ್ಟೆ.

"ನನ್ನ ಪಾತ್ರೆ ದಿನಾ ಹೀಗೆ ಖಾಲಿ ಆಗ್ಬೇಕು. ಮಗ ಬೆಳಿಗ್ಗೆ ವಿಮಾನಕ್ಕೆ ಕಟ್ಟಿದ್ದು ಇದೆಯಲ್ಲ, ಅದು ಸಂಜೆ ಹಾಗೇ ವಾಪಸ್ ಬರ್ಬೇಕು. ಅವನೇ ಬಿಚ್ಚಿ ಇಡ್ಬೇಕು."