ಮಂಗಳಮ್ಮನ ಹೋಟೆಲಿನ ಅಧಿವೇಶನ

ತಾಂಡವಪುರದ ಹೆದ್ದಾರಿ ಬದಿಯ ಮಂಗಳಮ್ಮನ ಹೋಟೆಲಿನಲ್ಲಿ, ಅಧಿವೇಶನದ ದಿನಗಳಲ್ಲಿ ಯಾರೂ ಕ್ರಿಕೆಟ್ ಕೇಳುವಂತಿಲ್ಲ. ಟೀವಿಯಲ್ಲಿ ವಿಧಾನಸಭೆ ಬಿಟ್ಟು ಬೇರೇನೂ ಬರುವುದಿಲ್ಲ. ಮೊಮ್ಮಗಳು ಕೋಮಲ ಶಾಲೆಗೆ ಹೋಗಲು ಲಾರಿಗಳ ನಡುವೆ ಈ ರಸ್ತೆ ದಾಟಬೇಕು. ಇಲ್ಲಿಗೊಂದು ಮೇಲ್ಸೇತುವೆ ಬೇಕೆಂದು ಸದನದಲ್ಲಿ ಕೇಳುತ್ತೇನೆ ಎಂದು ಕ್ಷೇತ್ರದ ಶಾಸಕರು ಇದೇ ಬೆಂಚಿನ ಮೇಲೆ ದೋಸೆ ತಿನ್ನುತ್ತಾ ಮಾತು ಕೊಟ್ಟಿದ್ದರು. ಅಂದಿನಿಂದ ಅವರ ಬಾಯಿಗೆ ಮಂಗಳಮ್ಮನದೇ ಕಾವಲು. ಟೀವಿಯಲ್ಲಿ ಅವರು ತೂಕಡಿಸುವುದು ಕಂಡರೆ ಸೌಟಿನಿಂದ ತಟ್ಟೆ ಬಡಿದು ಎಬ್ಬಿಸಲು ನೋಡುತ್ತಾಳೆ. ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕಿ, ಒಪ್ಪುವವರು ಹೌದೆನ್ನಿ ಎಂದರೆ ಟೀವಿಗೆ ಮೂಗು ತಾಗಿಸಿ, "ನಮ್ಮೋನು ಔದು ಅಂದ್ನೋ, ಆಕಳಿಸಿದ್ನೋ, ನೋಡ್ಲಾ ಚನ್ನಯ್ಯ" ಎಂದು ಗಿರಾಕಿಯನ್ನೇ ಸಾಕ್ಷಿಗೆ ಕರೆಯುತ್ತಾಳೆ. "ಆಕಳಿಕೆನೇ ಕಣವ್ವೋ, ಮೊದ್ಲು ಚಟ್ನಿ ಆಕು" ಎನ್ನುತ್ತಾನೆ ಚನ್ನಯ್ಯ. ಮೊನ್ನೆ ಇಳಿಹೊತ್ತಿನಲ್ಲಿ ಶಾಸಕರು ಎದ್ದೇಬಿಟ್ಟರು, ಸೇತುವೆಯ ಮಾತನ್ನೇ ಎತ್ತಿದರು. ಆದರೆ ಅವರ ಸುತ್ತ ಬರೀ ಖಾಲಿ ಕುರ್ಚಿಗಳು. ಹೋಟೆಲೆಲ್ಲ ನಕ್ಕಿತು. "ಸುಮ್ಕಿರ್ರಲಾ! ಅಲ್ಲಂತೂ ಕೇಳೋರಿಲ್ಲ, ನಾವಾದ್ರೂ ಕೇಳವ" ಎಂದು ಗದರಿದ ಮಂಗಳಮ್ಮ ಗ್ರೈಂಡರ್ ಆರಿಸಿ, ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದಳು. ಎಂದೂ ಸೀಯದ ಆಕೆಯ ದೋಸೆ ಅಂದು ಕಾವಲಿಯ ಮೇಲೆ ಕರಕಲಾಯಿತು. ಆಮೇಲೆ ರಿಮೋಟನ್ನು ಚನ್ನಯ್ಯನ ಕೈಗಿಟ್ಟು, "ಈಗ ನಿನ್ ಕ್ರಿಕೆಟ್ ಆಕ್ಕೊ. ನಾಳಿಕ್ಕೆ ಮಂತ್ರಿ ಉತ್ತರ ಕೊಡ್ಬೇಕು, ಆಗ ಮುಟ್ಟೀಯಾ ಮತ್ತೆ!" ಎಂದವಳೇ, ಶಾಲೆ ಬಿಡುವ ಹೊತ್ತಾಯಿತೆಂದು ಸೆರಗು ಸಿಕ್ಕಿಸಿ, ಕೋಮಲಳನ್ನು ಕೈಹಿಡಿದು ದಾಟಿಸಿಕೊಂಡು ಬರಲು ರಸ್ತೆಗಿಳಿದಳು.